ಇಂಗ್ಲಿಷ್ ಇರ್ರೆಗ್ಯುಲರ್ ವರ್ಬ್‌ಗಳ ಪಾಸ್ಟ್ ಟೆನ್ಸ್: ತಪ್ಪಿಲ್ಲದೆ ಬಳಸಲು ಹಂತ ಹಂತದ ಸಮಗ್ರ ಮಾರ್ಗದರ್ಶಿ

“ಗೋ, ವೆಂಟ್, ಗಾನ್. ಕಮ್, ಕೇಮ್, ಕಮ್. ಸೀ, ಸಾ, ಸೀನ್.” ಹೀಗೆ ಇರ್ರೆಗ್ಯುಲರ್ ವರ್ಬ್‌ಗಳ, ಅಂದರೆ ಭೂತಕಾಲಕ್ಕೆ ಕೊನೆಯಲ್ಲಿ ಇ-ಡಿ ಸೇರದ ಕ್ರಿಯಾಪದಗಳ ಪಟ್ಟಿಯನ್ನು ಒಂದೇ ಉಸಿರಿನಲ್ಲಿ ಒಪ್ಪಿಸುವವರು ಬೇಕಾದಷ್ಟು ಜನ ಇದ್ದಾರೆ. ಅವರಿಗೇ ‘ನೀನು ನಿನ್ನೆ ಯಾಕೆ ಬರಲಿಲ್ಲ?’ ಎಂದು ಇಂಗ್ಲಿಷಿನಲ್ಲಿ ಕೇಳಲು ಹೇಳಿ. ‘ವೈ ಡಿಡಂಟ್ ಯು ಕೇಮ್?’ ಅಂತ ಬಂದುಬಿಡುತ್ತದೆ.

ಪಟ್ಟಿ ಗೊತ್ತು, ಕೇಮ್ ಅನ್ನುವ ಪದವೂ ಗೊತ್ತು. ಆದರೂ ವಾಕ್ಯ ತಪ್ಪು. ಇಂಗ್ಲಿಷ್ ಕಲಿಯುವವರ ನೋಟ್‌ಬುಕ್ ತಿದ್ದುವಾಗ ನಾನು ಮತ್ತೆ ಮತ್ತೆ ನೋಡುವುದು ಇದನ್ನೇ. ಒಂದು ನೋಟ್‌ಬುಕ್ ಈಗಲೂ ಕಣ್ಣ ಮುಂದಿದೆ. ಎಡಗಡೆ ಪುಟದಲ್ಲಿ ‘ವೆಂಟ್’ ಅಂತ 20 ಸಲ, ದುಂಡಗಿನ ಅಕ್ಷರದಲ್ಲಿ. ಬಲಗಡೆ ಪುಟದ ಮೊದಲನೇ ಸಾಲು ‘ಐ ಡಿಡ್ ನಾಟ್ ವೆಂಟ್’. ಪಾಪ, ಶ್ರಮ ಕಮ್ಮಿ ಇರಲಿಲ್ಲ. ಕಲಿತ ಕ್ರಮ ತಪ್ಪಿತ್ತು.

ಅದಕ್ಕೇ ಇಲ್ಲಿ ಕ್ರಮವನ್ನು ತಿರುಗಿಸಿದ್ದೇನೆ. ಪದ ವಾಕ್ಯದಲ್ಲಿ ಎಲ್ಲಿ ಕೂರುತ್ತದೆ ಅನ್ನುವುದು ಮೊದಲು. ಪದದ ರೂಪ ಆಮೇಲೆ. ಆ ರೂಪಗಳನ್ನೂ ಎ ಯಿಂದ ಝಡ್ ತನಕ ಓದುವುದಿಲ್ಲ, ಒಂದೇ ಥರ ಬದಲಾಗುವವನ್ನು ಸೇರಿಸಿ ಬಳಗ ಬಳಗವಾಗಿ ಕಲಿಯುತ್ತೇವೆ.

## ಶುರು ಮಾಡುವ ಮುಂಚೆ ಕೈಯಲ್ಲಿ ಏನಿರಬೇಕು

ಒಂದು ನೋಟ್‌ಬುಕ್. ಪುಟಕ್ಕೆ ಮೂರು ಕಾಲಂ ಗೆರೆ ಎಳೆಯಿರಿ: ವಿ1, ವಿ2, ವಿ3. ವಿ1 ಅಂದರೆ ಮೂಲ ರೂಪ, ವಿ2 ಅಂದರೆ ಭೂತಕಾಲ, ವಿ3 ಅಂದರೆ ಹ್ಯಾವ್, ಹ್ಯಾಸ್, ಹ್ಯಾಡ್ ಜೊತೆ ಬರುವ ರೂಪ. ಒಂದು ಪುಟಕ್ಕೆ ಒಂದೇ ಬಳಗ. ಜಾಗ ಉಳಿದರೂ ಇನ್ನೊಂದು ಬಳಗವನ್ನು ಅಲ್ಲಿ ತುಂಬಬೇಡಿ.

ಒಂದು ಡಿಕ್ಷನರಿ ಬೇಕು, ಪುಸ್ತಕವಾಗಲಿ ಫೋನಿನದ್ದಾಗಲಿ. ಕಲಿಯುವವರಿಗಾಗಿ ಮಾಡಿದ ಡಿಕ್ಷನರಿಗಳಲ್ಲಿ ಇರ್ರೆಗ್ಯುಲರ್ ಪದದ ಪಕ್ಕದಲ್ಲೇ ಅದರ ವಿ2, ವಿ3 ಕೊಟ್ಟಿರುತ್ತಾರೆ. ಏನೂ ಕೊಟ್ಟಿಲ್ಲ ಅಂದರೆ ಸಾಮಾನ್ಯವಾಗಿ ಅದು ರೆಗ್ಯುಲರ್, ಅಂದರೆ ಇ-ಡಿ ಸೇರಿಸುವ ಪದ.

ಇನ್ನೊಂದು, ಫೋನಿನ ವಾಯ್ಸ್ ರೆಕಾರ್ಡರ್. ಇದನ್ನು ತುಂಬ ಜನ ಬಿಟ್ಟುಬಿಡುತ್ತಾರೆ. ಬರೆಯುವಾಗ ಸರಿ ಇರುವ ಕೈ, ಮಾತಾಡುವಾಗ ತಪ್ಪುವ ಬಾಯಿ ಎರಡೂ ಒಬ್ಬರದ್ದೇ ಅಂತ ರೆಕಾರ್ಡ್ ಕೇಳಿದಾಗಲೇ ಗೊತ್ತಾಗುವುದು.

## ಹಂತ 1: ಈ ಪದ ರೆಗ್ಯುಲರ್ ಇರಬಹುದಾ ಅಂತ ನೋಡಿ

ಕೊನೆಗೆ ಇ-ಡಿ ಸೇರಿಸಿದರೆ ಮುಗಿಯುವ ಪದಗಳೇ ಇಂಗ್ಲಿಷಿನಲ್ಲಿ ಜಾಸ್ತಿ. ಇರ್ರೆಗ್ಯುಲರ್ ಪದಗಳು ಸುಮಾರು 200. ಆದರೆ ಬಿ, ಹ್ಯಾವ್, ಡೂ, ಸೇ, ಗೋ, ಗೆಟ್, ಮೇಕ್, ನೋ, ಟೇಕ್, ಸೀ, ಕಮ್ ಮುಂತಾದ ಬಾಯಿ ತೆರೆದರೆ ಬರುವ ಪದಗಳೆಲ್ಲ ಆ ಗುಂಪಿನಲ್ಲೇ ಇವೆ. ಹಾಗಾಗಿ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ಒಂದು ಸುಲಭದ ಪರೀಕ್ಷೆ ಇದೆ. ಇರ್ರೆಗ್ಯುಲರ್ ಪದಗಳು ಬಹುತೇಕ ಪುಟ್ಟವು, ಒಂದೇ ಏಟಿಗೆ ಹೇಳಿ ಮುಗಿಯುವಂಥವು. ಆರ್ಗನೈಸ್, ಎಜುಕೇಟ್, ಎಕ್ಸ್‌ಪ್ಲೇನ್ ಥರದ ಉದ್ದ ಪದ ಬಂದರೆ ಧೈರ್ಯವಾಗಿ ಇ-ಡಿ ಹಾಕಿ. ಹೊಸದಾಗಿ ಹುಟ್ಟಿದ ಪದಗಳಿಗೂ ಅಷ್ಟೇ: ಟೆಕ್ಸ್ಟೆಡ್, ಇಮೇಲ್ಡ್, ಗೂಗಲ್ಡ್.

ಉದ್ದ ಪದವೂ ಇರ್ರೆಗ್ಯುಲರ್ ಆಗಿದ್ದರೆ, ಅದರ ಹೊಟ್ಟೆಯೊಳಗೆ ಸಾಮಾನ್ಯವಾಗಿ ಪುಟ್ಟದೊಂದು ಕೂತಿರುತ್ತದೆ. ಅಂಡರ್‌ಸ್ಟ್ಯಾಂಡ್ ಒಳಗೆ ಸ್ಟ್ಯಾಂಡ್ ಇದೆ, ಹಾಗಾಗಿ ಅಂಡರ್‌ಸ್ಟುಡ್. ಬಿಕಮ್ ಒಳಗೆ ಕಮ್, ಹಾಗಾಗಿ ಬಿಕೇಮ್. ಫರ್ಗೆಟ್–ಫರ್ಗಾಟ್, ಅಂಡರ್‌ಗೋ–ಅಂಡರ್‌ವೆಂಟ್, ರೀರೈಟ್–ರೀರೋಟ್, ವಿತ್‌ಡ್ರಾ–ವಿತ್‌ಡ್ರೂ. ಒಳಗಿನದು ಗೊತ್ತಿದ್ದರೆ ಹೊರಗಿನದು ತಾನಾಗಿ ಬರುತ್ತದೆ. ಎರಡು ಪದ ಮಾತ್ರ ಇಲ್ಲಿ ಜಾಸ್ತಿ ಜನರನ್ನು ಮೋಸ ಮಾಡುತ್ತವೆ. ವೆಲ್ಕಮ್ ಒಳಗೆ ಕಮ್ ಕಂಡರೂ ಅದರ ಭೂತಕಾಲ ವೆಲ್ಕಮ್ಡ್. ಬಿಹೇವ್ ಒಳಗೆ ಹ್ಯಾವ್‌ನ ಸ್ಪೆಲ್ಲಿಂಗ್ ಕಂಡರೂ ಬಿಹೇವ್ಡ್.

## ಹಂತ 2: ಭೂತಕಾಲದ ಗುರುತು ಒಂದೇ ಸಲ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದಲು ಸಮಯ ಇದ್ದರೆ ಇದನ್ನು ಓದಿ. ನನ್ನ ಕಣ್ಣಿಗೆ ಬೀಳುವ ತಪ್ಪುಗಳಲ್ಲಿ ಹೆಚ್ಚಿನವು ವಿ2 ಗೊತ್ತಿಲ್ಲದೆ ಆದವಲ್ಲ. ಬೇಡದ ಜಾಗದಲ್ಲಿ ವಿ2 ಹಾಕಿದ್ದರಿಂದ ಆದವು.

ನಮ್ಮ ಕನ್ನಡವನ್ನೇ ನೋಡಿ. ಬಂದೆ, ಬರಲಿಲ್ಲ. ತಿಂದೆ, ತಿನ್ನಲಿಲ್ಲ. ಕೊಟ್ಟೆ, ಕೊಡಲಿಲ್ಲ. ‘ಇಲ್ಲ’ ಬಂದ ಕೂಡಲೇ ಬಂದ, ತಿಂದ, ಕೊಟ್ಟ ಎಲ್ಲ ಮಾಯ. ಬರು, ತಿನ್ನು, ಕೊಡು ವಾಪಸ್ ಬಂತು, ಅಲ್ವಾ? ‘ಬಂದಲಿಲ್ಲ’ ಅಂತ ಯಾರೂ ಹೇಳುವುದಿಲ್ಲ. ಇಂಗ್ಲಿಷಿನ ‘ಡಿಡ್ ನಾಟ್’ ಮಾಡುವುದೂ ಇದನ್ನೇ. ಐ ಕೇಮ್, ಆದರೆ ಐ ಡಿಡ್ ನಾಟ್ ಕಮ್. ಐ ಏಟ್, ಆದರೆ ಐ ಡಿಡ್ ನಾಟ್ ಈಟ್. ‘ಐ ಡಿಡ್ ನಾಟ್ ಕೇಮ್’ ಅನ್ನುವುದು ಸರಿಯಾಗಿ ‘ಬಂದಲಿಲ್ಲ’ ಅಂದಂತೆಯೇ. ನಿಮ್ಮ ವಾಕ್ಯ ಸರಿಯೋ ತಪ್ಪೋ ಅನುಮಾನ ಬಂದರೆ ಈ ‘ಬಂದಲಿಲ್ಲ’ವನ್ನು ನೆನಪಿಸಿಕೊಳ್ಳಿ.

ಪ್ರಶ್ನೆ ಕೇಳುವಾಗ ಮಾತ್ರ ಕನ್ನಡ ನಮ್ಮ ಕೈಬಿಡುತ್ತದೆ. ‘ಬಂದೆಯಾ?’ ಅನ್ನುವಾಗ ಬಂದೆ ಹಾಗೇ ಉಳಿಯುತ್ತದೆ, ಕೊನೆಗೊಂದು ‘ಆ’ ಸೇರುತ್ತದೆ ಅಷ್ಟೆ. ಅದೇ ಗುಂಗಿನಲ್ಲಿ ‘ಡಿಡ್ ಯು ಕೇಮ್?’ ಅಂತ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ಪ್ರಶ್ನೆಗೂ ಇಲ್ಲ ಅನ್ನುವುದಕ್ಕೂ ಒಂದೇ ಕಟ್ಟಳೆ. ಡಿಡ್ ಬಂತು ಅಂದರೆ ಭೂತಕಾಲದ ಕೆಲಸ ಅದೇ ಮಾಡಿತು. ಪಕ್ಕದ ಪದ ವಿ1 ಆಗಿ ಸುಮ್ನೆ ಕೂರಬೇಕು. ‘ಡಿಡ್ ಯು ಕಮ್? ವೇರ್ ಡಿಡ್ ಯು ಗೋ? ವಾಟ್ ಡಿಡ್ ಹಿ ಸೇ?’

‘ಯಾರು’ ಅಥವಾ ‘ಏನು’ ಅನ್ನುವುದೇ ಕೆಲಸ ಮಾಡಿದ ಕರ್ತೃ ಆಗಿದ್ದರೆ ಡಿಡ್ ಬೇಡ. ಯಾರು ಬಂದರು? ‘ಹೂ ಕೇಮ್?’ ಕಿಟಕಿ ಯಾರು ಒಡೆದರು? ‘ಹೂ ಬ್ರೋಕ್ ದ ವಿಂಡೋ?’ ಡಿಡ್ ಇಲ್ಲದ್ದರಿಂದ ಇಲ್ಲಿ ವಿ2 ವಾಪಸ್ ಬಂದಿದೆ.

ಇದೇ ಕಟ್ಟಳೆ ಇನ್ನೂ ಮೂರು ಕಡೆ ನಡೆಯುತ್ತದೆ.

‘ಟು’ ಆದಮೇಲೆ ವಿ1. ನನಗೆ ಹೋಗಬೇಕಿತ್ತು: ‘ಐ ವಾಂಟೆಡ್ ಟು ಗೋ’. ವಾಂಟೆಡ್ ಆಗಲೇ ಭೂತಕಾಲ ಹೇಳಿಯಾಗಿದೆ. ‘ಟು ವೆಂಟ್’ ಅಂದರೆ ಗುರುತು ಎರಡು ಸಲ ಬಿತ್ತು.

ಕುಡ್, ವುಡ್, ಶುಡ್, ಮಸ್ಟ್ ಆದಮೇಲೆ ವಿ1. ‘ಐ ಕುಡ್ ನಾಟ್ ಸ್ಲೀಪ್’ ಸರಿ, ‘ಕುಡ್ ನಾಟ್ ಸ್ಲೆಪ್ಟ್’ ತಪ್ಪು.

ಮೇಡ್ ಮತ್ತು ಲೆಟ್ ಆದಮೇಲೆ ವಿ1. ‘ಶಿ ಮೇಡ್ ಮಿ ರೈಟ್ ಇಟ್ ಅಗೇನ್.’ ಇಲ್ಲಿ ರೋಟ್ ಬರುವುದಿಲ್ಲ.

ಮುಂದಿನ ಹಂತಕ್ಕೆ ಹೋಗುವ ಮುಂಚೆ ಮೂರು ದಿನ ಇದನ್ನಷ್ಟೇ ಅಭ್ಯಾಸ ಮಾಡಿ. ಗೊತ್ತಿರುವ ಹತ್ತೇ ಪದ ಸಾಕು. ಒಂದೊಂದಕ್ಕೂ ಮೂರು ಮೂರು ವಾಕ್ಯ, ಜೋರಾಗಿ: ‘ಐ ವೆಂಟ್. ಡಿಡ್ ಯು ಗೋ? ಐ ಡಿಡ್ ನಾಟ್ ಗೋ.’ ‘ಐ ಸಾ. ಡಿಡ್ ಯು ಸೀ? ಐ ಡಿಡ್ ನಾಟ್ ಸೀ.’ ಬಾಯಿ ತಡವರಿಸುವುದು ನಿಂತಾಗ ಮುಂದೆ ಹೋಗಿ.

## ಹಂತ 3: ಯಾವ ಬಳಗಕ್ಕೂ ಸೇರದ ನಾಲ್ಕು

ಬಿ, ಹ್ಯಾವ್, ಡೂ, ಗೋ. ಇವನ್ನು ಬಾಯಿಪಾಠ ಮಾಡದೆ ವಿಧಿಯಿಲ್ಲ.

ಬಿ ಮಾತ್ರವೇ ಭೂತಕಾಲದಲ್ಲಿ ಎರಡು ರೂಪ ಇರುವ ಪದ. ಐ, ಹಿ, ಶಿ, ಇಟ್ ಜೊತೆ ವಾಸ್. ಯು, ವಿ, ದೇ ಜೊತೆ ವರ್. ಯು ಅಂದರೆ ಎದುರಿಗೆ ಒಬ್ಬರೇ ಇದ್ದರೂ ವರ್. ‘ಯು ವಾಸ್’ ತಪ್ಪು. ಇನ್ನೊಂದು ವಿಷಯ, ಈ ಪದ ಡಿಡ್ ಅನ್ನು ಹತ್ತಿರ ಸೇರಿಸುವುದಿಲ್ಲ. ‘ಐ ವಾಸ್ ನಾಟ್ ದೇರ್. ವರ್ ಯು ದೇರ್?’ ಅಷ್ಟೇ ಸಾಕು.

ಹ್ಯಾವ್ಗೆ ಹ್ಯಾಡ್. ‘ಇತ್ತು’ ಅನ್ನುವ ಅರ್ಥದಲ್ಲಿ ಬಂದಾಗ ಇಲ್ಲ ಅನ್ನಲು ಡಿಡ್ ಬೇಕು: ‘ಐ ಡಿಡ್ ನಾಟ್ ಹ್ಯಾವ್ ಟೈಮ್’. ಡೂಗೆ ಡಿಡ್. ‘ನಾನು ಮಾಡಲಿಲ್ಲ’ ಅನ್ನುವಾಗ ಎರಡೂ ಒಟ್ಟಿಗೆ ಬರುತ್ತವೆ: ‘ಐ ಡಿಡ್ ನಾಟ್ ಡೂ ಇಟ್’. ಕಿವಿಗೆ ವಿಚಿತ್ರ ಅನ್ನಿಸಿದರೂ ಸರಿಯೇ. ಗೋಗೆ ವೆಂಟ್. ವಿ3 ಗಾನ್.

ಬಿ ಬಿಟ್ಟರೆ ಉಳಿದ ಎಲ್ಲ ಪದಗಳಿಗೂ ಭೂತಕಾಲದಲ್ಲಿ ಒಂದೇ ರೂಪ. ಹೋದೆ, ಹೋದೆವು, ಹೋದನು, ಹೋದಳು, ಹೋದರು ಅಂತ ಕನ್ನಡದಲ್ಲಿ ಎಷ್ಟೆಲ್ಲ ಇದೆ. ಅಲ್ಲಿ ಎಲ್ಲದಕ್ಕೂ ವೆಂಟ್ ಒಂದೇ. ಹಿ, ಶಿ ಬಂದರೂ ಎಸ್ ಸೇರುವುದಿಲ್ಲ.

## ಹಂತ 4: ಬಳಗ ಬಳಗವಾಗಿ ಕಲಿಯಿರಿ

ಕೊಡು–ಕೊಟ್ಟೆ, ಬಿಡು–ಬಿಟ್ಟೆ, ಇಡು–ಇಟ್ಟೆ, ಸುಡು–ಸುಟ್ಟೆ. ಇದನ್ನು ನಮಗೆ ಯಾರೂ ಪಟ್ಟಿ ಹಾಕಿ ಕಲಿಸಲಿಲ್ಲ. ಕಿವಿ ಕಲಿತುಕೊಂಡಿತು. ನೋಡು, ಮಾಡು ಆ ಬಳಗಕ್ಕೆ ಸೇರಿಲ್ಲ ಅನ್ನುವುದೂ ಕಿವಿಗೇ ಗೊತ್ತು. ‘ನೋಟ್ಟೆ’ ಅಂತ ಬಾಯಿಗೆ ಬರುವುದೇ ಇಲ್ಲ. ಇಂಗ್ಲಿಷ್ ಪದಗಳನ್ನೂ ಹಾಗೇ ಕಲಿಯಬೇಕು. ಪ್ರತಿ ಪುಟದ ಮೇಲ್ಭಾಗದಲ್ಲಿ ಬಳಗದವರು, ಅಡಿಯಲ್ಲಿ ಗೆರೆ ಎಳೆದು ‘ಹೊರಗಿನವರು’. ಹೊರಗಿನವರು ಅಂದರೆ ನೋಡಲು ಬಳಗದವರಂತೆ ಕಂಡರೂ ಬೇರೆ ದಾರಿ ಹಿಡಿದ ಪದಗಳು. ಈ ಅಡಿಯ ಪಟ್ಟಿ ಇಲ್ಲದಿದ್ದರೆ ಬಳಗ ಕಲಿತು ಅರ್ಧ ಪ್ರಯೋಜನ ಮಾತ್ರ.

ಬಳಗ 1: ಬದಲಾಗದವರು. ಕಟ್, ಪುಟ್, ಹಿಟ್, ಹರ್ಟ್, ಲೆಟ್, ಸೆಟ್, ಶಟ್, ಕಾಸ್ಟ್, ಬರ್ಸ್ಟ್, ಸ್ಪ್ರೆಡ್. ಮೂರೂ ಕಾಲಂನಲ್ಲಿ ಒಂದೇ ಪದ. ಎಲ್ಲವೂ ಟ್ ಅಥವಾ ಡ್ ಸದ್ದಿನಲ್ಲಿ ಮುಗಿಯುತ್ತವೆ. ‘ಕಟೆಡ್’, ‘ಹರ್ಟೆಡ್’ ಇಲ್ಲಿನ ಮಾಮೂಲಿ ತಪ್ಪು. ಓದುವಾಗ ‘ಹಿ ಪುಟ್ ದ ಬುಕ್ ಹಿಯರ್’ ಅಂತ ಎಸ್ ಇಲ್ಲದೆ ಕಂಡರೆ ಅದು ಭೂತಕಾಲ. ವರ್ತಮಾನ ಆಗಿದ್ದರೆ ‘ಪುಟ್ಸ್’ ಇರುತ್ತಿತ್ತು. ಹೊರಗಿನವರು: ವಾಂಟ್, ಸ್ಟಾರ್ಟ್, ವೇಟ್, ವಿಸಿಟ್. ಇವಕ್ಕೆ ಇ-ಡಿ ಬೇಕೇ ಬೇಕು.

ಬಳಗ 2: ಡಿ ಹೋಗಿ ಟಿ ಬರುವವರು. ಸೆಂಡ್–ಸೆಂಟ್, ಲೆಂಡ್–ಲೆಂಟ್, ಸ್ಪೆಂಡ್–ಸ್ಪೆಂಟ್, ಬೆಂಡ್–ಬೆಂಟ್, ಬಿಲ್ಡ್–ಬಿಲ್ಟ್. ವಿ3 ಕೂಡ ಅದೇ. ಹೊರಗಿನವರು: ಎಂಡ್, ಮೆಂಡ್, ಅಟೆಂಡ್, ಡಿಪೆಂಡ್, ಡಿಫೆಂಡ್. ಎಲ್ಲಕ್ಕೂ ಇ-ಡಿ.

ಬಳಗ 3: ದೀರ್ಘ ಹ್ರಸ್ವ ಆಗುವವರು. ನನಗೆ ತುಂಬ ಇಷ್ಟದ ಬಳಗ. ಯಾಕೆಂದರೆ ದೀರ್ಘ, ಹ್ರಸ್ವದ ವ್ಯತ್ಯಾಸ ಕನ್ನಡದ ಕಿವಿಗೆ ಚೆನ್ನಾಗಿ ಗೊತ್ತು. ‘ಈ’ ಹೋಗಿ ‘ಎ’ ಬರುತ್ತದೆ: ಫೀಡ್–ಫೆಡ್, ಲೀಡ್–ಲೆಡ್, ಬ್ಲೀಡ್–ಬ್ಲೆಡ್, ಮೀಟ್–ಮೆಟ್, ರೀಡ್–ರೆಡ್. ಪದ ಪ, ಲ, ನ, ವ ಸದ್ದಿನಲ್ಲಿ ಮುಗಿದರೆ ಕೊನೆಗೆ ಒಂದು ಟ್ ಸೇರುತ್ತದೆ: ಕೀಪ್–ಕೆಪ್ಟ್, ಸ್ಲೀಪ್–ಸ್ಲೆಪ್ಟ್, ಸ್ವೀಪ್–ಸ್ವೆಪ್ಟ್, ಫೀಲ್–ಫೆಲ್ಟ್, ಡೀಲ್–ಡೆಲ್ಟ್, ಮೀನ್–ಮೆಂಟ್. ಲೀವ್ ಮಾತ್ರ ವ್ ಅನ್ನು ಫ್ ಮಾಡಿಕೊಂಡು ಲೆಫ್ಟ್ ಆಗುತ್ತದೆ. ‘ಐ’ ಹೋಗಿ ‘ಇ’ ಆಗುವ ಒಂದು ಸಣ್ಣ ಕವಲೂ ಇದೆ: ಬೈಟ್–ಬಿಟ್, ಹೈಡ್–ಹಿಡ್, ಸ್ಲೈಡ್–ಸ್ಲಿಡ್. ಹೊರಗಿನವರು ಇಲ್ಲಿ ಜಾಸ್ತಿ: ನೀಡ್, ಸೀಮ್, ಕ್ಲೀನ್, ಹೀಟ್, ಟ್ರೀಟ್, ಚೀಟ್, ರಿಪೀಟ್ ಎಲ್ಲ ಇ-ಡಿ. ಬೀಟ್ ಭೂತಕಾಲದಲ್ಲೂ ಬೀಟ್, ವಿ3 ಬೀಟನ್.

ಬಳಗ 4: ‘ಆಟ್’ ಸದ್ದಿನವರು. ಬೈ–ಬಾಟ್, ಬ್ರಿಂಗ್–ಬ್ರಾಟ್, ಥಿಂಕ್–ಥಾಟ್, ಫೈಟ್–ಫಾಟ್, ಸೀಕ್–ಸಾಟ್, ಕ್ಯಾಚ್–ಕಾಟ್, ಟೀಚ್–ಟಾಟ್. ಕೇಳಲು ಎಲ್ಲ ಒಂದೇ, ಬರೆಯುವಾಗ ಮಾತ್ರ ಎರಡು ದಾರಿ: ಒ-ಯು-ಜಿ-ಎಚ್-ಟಿ ಅಥವಾ ಎ-ಯು-ಜಿ-ಎಚ್-ಟಿ. ಯಾವುದು ಯಾವಾಗ? ಈ ಏಳು ಪದಗಳ ವಿ1 ಸ್ಪೆಲ್ಲಿಂಗ್ ನೋಡಿ. ಕ್ಯಾಚ್, ಟೀಚ್ ಎರಡರಲ್ಲಿ ಮಾತ್ರ ‘ಎ’ ಅಕ್ಷರ ಇದೆ. ಅವಕ್ಕೆ ಮಾತ್ರ ವಿ2 ನಲ್ಲಿ ‘ಎ’. ಉಳಿದ ಐದಕ್ಕೂ ‘ಒ’. ಬಾಟ್, ಬ್ರಾಟ್ ಅದಲು ಬದಲಾಗುತ್ತಿದ್ದರೆ, ಬ್ರಿಂಗ್‌ನಲ್ಲಿ ಆರ್ ಇದೆ, ಹಾಗಾಗಿ ಬ್ರಾಟ್‌ನಲ್ಲೂ ಆರ್ ಇದೆ ಅಂತ ಹಿಡಿದುಕೊಳ್ಳಿ. ಬೈ ಅಂದರೆ ಕೊಳ್ಳುವುದು, ಅಲ್ಲಿ ಆರ್ ಇಲ್ಲ. ಜಿ-ಎಚ್ ಎಲ್ಲೂ ಉಚ್ಚಾರ ಆಗುವುದಿಲ್ಲ.

ಬಳಗ 5: ಇ–ಆ್ಯ–ಅ. ಸಿಂಗ್–ಸ್ಯಾಂಗ್–ಸಂಗ್, ಡ್ರಿಂಕ್–ಡ್ರ್ಯಾಂಕ್–ಡ್ರಂಕ್, ಸಿಂಕ್–ಸ್ಯಾಂಕ್–ಸಂಕ್, ಸ್ವಿಮ್–ಸ್ವ್ಯಾಮ್–ಸ್ವಮ್, ಬಿಗಿನ್–ಬಿಗ್ಯಾನ್–ಬಿಗನ್. ಮಧ್ಯದ್ದು ಒಂಟಿಯಾಗಿ ಬರುತ್ತದೆ, ಮೂರನೆಯದಕ್ಕೆ ಹ್ಯಾವ್, ಹ್ಯಾಡ್ ಜೊತೆ ಬೇಕು. ‘ಐ ಡ್ರಂಕ್ ವಾಟರ್’ ತಪ್ಪು, ‘ಐ ಡ್ರ್ಯಾಂಕ್ ವಾಟರ್’ ಸರಿ. ಪಕ್ಕದಲ್ಲೇ ಇನ್ನೊಂದು ಗುಂಪಿದೆ, ಅಲ್ಲಿ ಮಧ್ಯದ ‘ಆ್ಯ’ ಇಲ್ಲವೇ ಇಲ್ಲ: ವಿನ್–ವನ್, ಡಿಗ್–ಡಗ್, ಸ್ಟಿಕ್–ಸ್ಟಕ್, ಸ್ಪಿನ್–ಸ್ಪನ್, ಸ್ವಿಂಗ್–ಸ್ವಂಗ್, ಸ್ಟಿಂಗ್–ಸ್ಟಂಗ್. ಇವುಗಳ ವಿ2, ವಿ3 ಎರಡೂ ಒಂದೇ. ಎರಡು ಗುಂಪಿಗೂ ಬೇರೆ ಬೇರೆ ಪುಟ ಕೊಡಿ, ಇಲ್ಲಿ ಕಲಸಿಹೋಗುವುದು ತುಂಬ ಸುಲಭ. ಹೊರಗಿನವರು: ಬ್ರಿಂಗ್ (ಬಳಗ 4 ರದ್ದು), ಥಿಂಕ್ (ಅದೂ ಅಲ್ಲಿಯದೇ), ಬ್ಲಿಂಕ್ ಮತ್ತು ಲಿಂಕ್ (ಇ-ಡಿ).

ಬಳಗ 6: ‘ಓ’ ಹೋಗಿ ‘ಊ’ ಬರುವವರು. ನೋ–ನ್ಯೂ–ನೋನ್, ಗ್ರೋ–ಗ್ರೂ–ಗ್ರೋನ್, ಥ್ರೋ–ಥ್ರೂ–ಥ್ರೋನ್, ಬ್ಲೋ–ಬ್ಲೂ–ಬ್ಲೋನ್. ಇವರ ಜೊತೆಗೆ ಡ್ರಾ–ಡ್ರೂ–ಡ್ರಾನ್, ಫ್ಲೈ–ಫ್ಲೂ–ಫ್ಲೋನ್. ಹೊರಗಿನವರು: ಶೋ–ಶೋಡ್–ಶೋನ್. ಫ್ಲೋ, ಗ್ಲೋ, ಫಾಲೋ ಎಲ್ಲ ಇ-ಡಿ. ಹಾರಿದ್ದಕ್ಕೆ ಫ್ಲೂ, ನೀರು ಹರಿದದ್ದಕ್ಕೆ ಫ್ಲೋಡ್.

ಬಳಗ 7: ವಿ2 ನಲ್ಲಿ ‘ಓ’, ವಿ3 ಕೊನೆಗೆ ‘ನ್’. ಸ್ಪೀಕ್–ಸ್ಪೋಕ್–ಸ್ಪೋಕನ್, ಬ್ರೇಕ್–ಬ್ರೋಕ್–ಬ್ರೋಕನ್, ಸ್ಟೀಲ್–ಸ್ಟೋಲ್–ಸ್ಟೋಲನ್, ಫ್ರೀಜ್–ಫ್ರೋಜ್–ಫ್ರೋಜನ್, ಚೂಸ್–ಚೋಸ್–ಚೋಸನ್, ವೇಕ್–ವೋಕ್–ವೋಕನ್. ವಿ3 ನಲ್ಲಿ ‘ಇ’ ತಿರುಗಿ ಬರುವವರು: ರೈಟ್–ರೋಟ್–ರಿಟನ್, ರೈಡ್–ರೋಡ್–ರಿಡನ್, ಡ್ರೈವ್–ಡ್ರೋವ್–ಡ್ರಿವನ್, ರೈಸ್–ರೋಸ್–ರಿಸನ್. ಹೊರಗಿನವರಲ್ಲಿ ಮುಖ್ಯವಾದದ್ದು ಅರೈವ್. ಡ್ರೈವ್ ನೋಡಿ ‘ಅರೋವ್’ ಅನ್ನಬೇಡಿ, ಅದು ಅರೈವ್ಡ್.

ಉಳಿದವು ಎರಡು ಮೂರರ ಪುಟ್ಟ ಗುಂಪುಗಳು. ಒಂದೇ ಪುಟದಲ್ಲಿ ಮುಗಿಸಬಹುದು:

- ಸೆಲ್–ಸೋಲ್ಡ್, ಟೆಲ್–ಟೋಲ್ಡ್
- ಟೇಕ್–ಟುಕ್–ಟೇಕನ್, ಶೇಕ್–ಶುಕ್–ಶೇಕನ್ (ಮೇಕ್ ಮಾತ್ರ ಮೇಡ್, ಬೇಕ್ ಬೇಕ್ಡ್)
- ಫೈಂಡ್–ಫೌಂಡ್, ಗ್ರೈಂಡ್–ಗ್ರೌಂಡ್, ಬೈಂಡ್–ಬೌಂಡ್ (ರಿಮೈಂಡ್‌ಗೆ ಇ-ಡಿ)
- ವೇರ್–ವೋರ್–ವೋರ್ನ್, ಟೇರ್–ಟೋರ್–ಟೋರ್ನ್
- ಕಮ್–ಕೇಮ್–ಕಮ್, ರನ್–ರ‍್ಯಾನ್–ರನ್: ವಿ3 ನಲ್ಲಿ ವಿ1 ವಾಪಸ್
- ಗಿವ್–ಗೇವ್–ಗಿವನ್, ಈಟ್–ಏಟ್–ಈಟನ್, ಫಾಲ್–ಫೆಲ್–ಫಾಲನ್, ಸೀ–ಸಾ–ಸೀನ್

ಬರ್ನ್, ಲರ್ನ್, ಡ್ರೀಮ್, ಸ್ಪೆಲ್, ಸ್ಮೆಲ್ ಇವಕ್ಕೆ ಎರಡೂ ನಡೆಯುತ್ತದೆ: ಬರ್ನ್ಟ್ ಅಥವಾ ಬರ್ನ್ಡ್. ಟಿ ರೂಪ ಬ್ರಿಟಿಷ್ ಇಂಗ್ಲಿಷಿನಲ್ಲಿ ಹೆಚ್ಚು, ಇ-ಡಿ ರೂಪ ಅಮೆರಿಕನ್ ಇಂಗ್ಲಿಷಿನಲ್ಲಿ ಹೆಚ್ಚು. ಒಂದನ್ನು ಹಿಡಿದು ಅದರಲ್ಲೇ ಇರಿ.

## ಹಂತ 5: ಒಂದರಂತೆ ಇನ್ನೊಂದು ಕಾಣುವ ಜೋಡಿಗಳು

ಇವನ್ನು ಬಳಗಗಳ ಜೊತೆ ಕಲಿಯಬೇಡಿ. ಬಳಗಗಳು ಗಟ್ಟಿಯಾದ ಮೇಲೆ, ದಿನಕ್ಕೊಂದು ಜೋಡಿಯಂತೆ ನೋಡಿ.

ಲೈ ಮತ್ತು ಲೇ ಎಲ್ಲಕ್ಕಿಂತ ಕಷ್ಟದ್ದು. ಮಲಗುವ ಲೈಗೆ ಭೂತಕಾಲ ಲೇ, ವಿ3 ಲೇನ್. ಏನನ್ನಾದರೂ ಇಡುವ ಲೇಗೆ ಭೂತಕಾಲ ಲೇಡ್. ಸುಳ್ಳು ಹೇಳುವ ಲೈಗೆ ಲೈಡ್. ಒಂದರ ಭೂತಕಾಲವೇ ಇನ್ನೊಂದರ ವರ್ತಮಾನ! ‘ಏನನ್ನು?’ ಅಂತ ಕೇಳಿಕೊಳ್ಳಿ. ಉತ್ತರ ಇದ್ದರೆ ಲೇ–ಲೇಡ್. ಉತ್ತರ ಇಲ್ಲದೆ ಸುಮ್ನೆ ಮಲಗಿದ್ದಾದರೆ ಲೈ–ಲೇ. ರೈಸ್ ಮತ್ತು ರೇಸ್‌ಗೂ ಇದೇ ಪ್ರಶ್ನೆ ಕೆಲಸ ಮಾಡುತ್ತದೆ. ಸೂರ್ಯ ಮೇಲೆದ್ದರೆ ರೋಸ್. ಕೈಯನ್ನು ಎತ್ತಿದರೆ ರೇಸ್ಡ್.

ಫಾಲ್–ಫೆಲ್, ಫೀಲ್–ಫೆಲ್ಟ್. ‘ಐ ಫೆಲ್ ಸ್ಯಾಡ್’ ಅಂತ ಬರೆದರೆ ಬೇಜಾರಾಯಿತು ಅನ್ನುವುದರ ಬದಲು ಬಿದ್ದೆ ಅಂತಾಗುತ್ತದೆ.

ಫೈಂಡ್‌ನ ಭೂತಕಾಲ ಫೌಂಡ್ ಅಂದರೆ ಸಿಕ್ಕಿತು. ಆದರೆ ಫೌಂಡ್ ಅನ್ನುವ ಬೇರೆಯೇ ಕ್ರಿಯಾಪದವಿದೆ, ಸ್ಥಾಪಿಸು ಅಂತ ಅರ್ಥ. ಅದರ ಭೂತಕಾಲ ಫೌಂಡೆಡ್.

ಹ್ಯಾಂಗ್–ಹಂಗ್ ಗೋಡೆಗೆ ನೇತುಹಾಕುವುದಕ್ಕೆ. ಗಲ್ಲಿಗೇರಿಸಿದರು ಅನ್ನುವ ಅರ್ಥದಲ್ಲಿ ಹ್ಯಾಂಗ್ಡ್.

## ಹಂತ 6: ಬಾಯಿ ಮತ್ತು ಸ್ಪೆಲ್ಲಿಂಗ್

ರೀಡ್ ಪದಕ್ಕೆ ಮೂರೂ ಕಾಲಂನಲ್ಲಿ ಆರ್-ಇ-ಎ-ಡಿ ಅಂತಲೇ ಬರೆಯುವುದು. ಓದುವಾಗ ಮಾತ್ರ ವಿ2, ವಿ3 ಎರಡೂ ‘ರೆಡ್’. ಇದನ್ನು ಕಲಿತವರು ಲೀಡ್‌ಗೂ ಹಾಗೇ ಮಾಡಿಬಿಡುತ್ತಾರೆ. ಲೆಡ್ ಬರೆಯುವಾಗ ಎಲ್-ಇ-ಡಿ, ನಡುವೆ ‘ಎ’ ಇಲ್ಲ. ಚೆನ್ನಾಗಿ ಇಂಗ್ಲಿಷ್ ಬಲ್ಲವರ ಬರವಣಿಗೆಯಲ್ಲೂ ಈ ತಪ್ಪು ಸಿಗುತ್ತದೆ.

ಸೇ, ಪೇ, ಲೇ ಮೂರಕ್ಕೂ ಕೊನೆಗೆ ಎ-ಐ-ಡಿ. ಪ್ಲೇ, ಸ್ಟೇ, ಪ್ರೇ ಮುಂತಾದವಕ್ಕೆ ವೈ ಹಾಗೇ ಇಟ್ಟು ಇ-ಡಿ. ಉಚ್ಚಾರದಲ್ಲಿ ಪೇಡ್, ಲೇಡ್ ಎರಡೂ ದೀರ್ಘ. ಆದರೆ ಸೇಯ ಭೂತಕಾಲ ‘ಸೆಡ್’, ಹ್ರಸ್ವ. ಸ್ಪೆಲ್ಲಿಂಗ್ ನೋಡಿ ‘ಸೇಡ್’ ಅನ್ನಬೇಡಿ.

ವಿನ್‌ನ ಭೂತಕಾಲ ‘ವನ್’, ಒಂದು ಅನ್ನುವ ಸಂಖ್ಯೆಯ ಹಾಗೆಯೇ. ‘ವೋನ್’ ಅಲ್ಲ. ಹಿಯರ್‌ನ ಭೂತಕಾಲ ‘ಹರ್ಡ್’. ನ್ಯೂ ಅನ್ನುವಾಗ ಮೊದಲ ಅಕ್ಷರ ಕೆ, ರೋಟ್ ಅನ್ನುವಾಗ ಮೊದಲ ಅಕ್ಷರ ಡಬ್ಲ್ಯೂ ಸದ್ದು ಮಾಡುವುದಿಲ್ಲ. ರೈಟ್, ರೋಟ್‌ಗೆ ಒಂದು ಟಿ, ರಿಟನ್‌ಗೆ ಎರಡು. ಚೂಸ್‌ಗೆ ಎರಡು ಒ, ಚೋಸ್‌ಗೆ ಒಂದು.

## ಹಂತ 7: ವಿ3 ಯನ್ನು ವಿ2 ಜಾಗದಲ್ಲಿ ಕೂರಿಸಬೇಡಿ

ಹ್ಯಾವ್, ಹ್ಯಾಸ್, ಹ್ಯಾಡ್ ಇದ್ದರೆ ವಿ3. ಇಲ್ಲದಿದ್ದರೆ ವಿ2. ‘ಐ ಸೀನ್ ಹಿಮ್’ ತಪ್ಪು, ‘ಹ್ಯಾಡ್ ವೆಂಟ್’ ತಪ್ಪು. ‘ಐ ಸಾ ಹಿಮ್’, ‘ಹ್ಯಾಡ್ ಗಾನ್’ ಸರಿ.

ನಿನ್ನೆ, ಕಳೆದ ವಾರ, ಎರಡು ದಿನದ ಹಿಂದೆ ಅಂತ ಮುಗಿದುಹೋದ ಸಮಯ ಹೇಳಿದರೆ ಹ್ಯಾವ್ ಬೇಡ, ವಿ2 ಮಾತ್ರ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ’ ಅಂತ ದಿನಾ ಕೇಳುತ್ತೇವೆ. ಅಲ್ಲಿ ‘ಐ ಸಾ ಹಿಮ್ ಯೆಸ್ಟರ್‌ಡೇ’ ಆಗಬೇಕು.

## ಎಚ್ಚರಿಕೆಯ ಗುರುತುಗಳು

ಪಟ್ಟಿಯನ್ನು ಮೊದಲಿನಿಂದ ಹೇಳಿದರೆ ಮಾತ್ರ ಪದ ನೆನಪಾಗುತ್ತದೆ, ನಡುವೆ ಕೇಳಿದರೆ ಇಲ್ಲ. ಹಾಗಾದರೆ ನೀವು ಕಲಿತಿರುವುದು ಪದಗಳನ್ನಲ್ಲ, ಅವುಗಳ ಸಾಲನ್ನು. ಚೀಟಿಗಳಲ್ಲಿ ಬರೆದು ಕಲಸಿ, ಒಂದೊಂದೇ ಎತ್ತಿ ಹೇಳಿ.

ಹೊಸ ಬಳಗ ಕಲಿತ ಮೇಲೆ ಮೊದಲು ಸರಿ ಹೇಳುತ್ತಿದ್ದ ಪದ ತಪ್ಪತೊಡಗಿದರೆ ಗಾಬರಿ ಬೇಡ. ಸಿಂಗ್–ಸ್ಯಾಂಗ್ ಕಲಿತವರು ಎರಡು ದಿನ ‘ಬ್ರ್ಯಾಂಗ್’ ಅನ್ನುತ್ತಾರೆ. ಹೊಸ ಬಳಗ ನಿಲ್ಲಿಸಿ, ‘ಹೊರಗಿನವರು’ ಪಟ್ಟಿಯನ್ನು ಮತ್ತೆ ಓದಿ.

‘ವೆಂಟೆಡ್’, ‘ಬಾಟೆಡ್’ ಅಂತ ಬಾಯಿಗೆ ಬರುತ್ತಿದ್ದರೆ ವೇಗ ಜಾಸ್ತಿಯಾಗಿದೆ ಅಂತ ಅರ್ಥ. ವಾರಕ್ಕೆ ಎರಡು ಬಳಗಕ್ಕಿಂತ ಹೆಚ್ಚು ಬೇಡ.

## ಹಂತ 8: ದಿನಾ ಹತ್ತು ನಿಮಿಷ

ಮೊದಲ ಐದು ನಿಮಿಷ, ನಿನ್ನೆ ಏನೇನಾಯಿತು ಅಂತ ಐದು ವಾಕ್ಯ ಬರೆಯಿರಿ. ಅದರಲ್ಲಿ ಒಂದು ‘ಇಲ್ಲ’ ವಾಕ್ಯ, ಒಂದು ಪ್ರಶ್ನೆ ಇರಲೇಬೇಕು. ಆಮೇಲೆ ನೋಟ್‌ಬುಕ್ ಮುಚ್ಚಿ ಅದನ್ನೇ ಫೋನಿಗೆ ಹೇಳಿ. ಕೇಳಿಸಿಕೊಂಡು ತಪ್ಪಿದ ಪದದ ಬಳಗದ ಪುಟ ತೆಗೆಯಿರಿ.

ತಿದ್ದುವುದು ಹೇಗೆ ಅಂತ ತೋರಿಸಲು ಒಂದು ತುಣುಕು:

‘ಯೆಸ್ಟರ್‌ಡೇ ಐ ವೇಕ್ಡ್ ಅಪ್ ಲೇಟ್. ಐ ಡಿಡ್ ನಾಟ್ ಹರ್ಡ್ ದಿ ಅಲಾರ್ಮ್. ಐ ರನ್ ಟು ದ ಸ್ಟೇಷನ್, ಬಟ್ ದ ಟ್ರೇನ್ ಹ್ಯಾಡ್ ವೆಂಟ್. ಮೈ ಫ್ರೆಂಡ್ ಟೋಲ್ಡ್ ಮಿ ಟು ಟುಕ್ ಎ ಬಸ್.’

ಐದು ತಪ್ಪಿವೆ. ವೇಕ್ಡ್ ಅಲ್ಲ, ವೋಕ್: ಬಳಗ 7. ಡಿಡ್ ನಾಟ್ ಆದಮೇಲೆ ಹಿಯರ್: ಹಂತ 2. ರನ್ ಅಲ್ಲ, ರ‍್ಯಾನ್: ಪುಟ್ಟ ಗುಂಪು. ಹ್ಯಾಡ್ ಆದಮೇಲೆ ಗಾನ್: ಹಂತ 7. ಟು ಆದಮೇಲೆ ಟೇಕ್: ಮತ್ತೆ ಹಂತ 2. ನಿಮ್ಮ ತಪ್ಪುಗಳ ಪಕ್ಕದಲ್ಲೂ ಹೀಗೇ ಹಂತದ ನಂಬರ್ ಬರೆಯುತ್ತಾ ಹೋಗಿ. ಏಳನೇ ದಿನ ಆ ನಂಬರ್‌ಗಳನ್ನು ಎಣಿಸಿ. ಯಾವುದು ಹೆಚ್ಚು ಸಲ ಬಂದಿದೆಯೋ ಮುಂದಿನ ವಾರ ಆ ಹಂತದಿಂದ ಶುರು ಮಾಡಿ, ಹೊಸ ಬಳಗದ ಪುಟ ಅಲ್ಲಿಯ ತನಕ ಖಾಲಿಯೇ ಇರಲಿ.